ಕಿಡಿಯ ಪೆಟ್ಟಿಗೆ



ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರ ಅಥವಾ ಚಿಂಚೋಳಿಯ ಯಾವುದಾದರೊಂದು ಗ್ಯಾರೇಜಿನ ಮುಂದೆ ನೀವು ಒಮ್ಮೆಯಾದರೂ ಕೆಟ್ಟ ಗಾಡಿಯೊಂದಿಗೆ ನಿಂತಿರುತ್ತೀರಿ. ಮಿಸ್ತ್ರಿ ಮೊದಲು ಮಾಡುವ ಕೆಲಸ ನಿಮಗೆ ನೆನಪಿರಬೇಕು. ಪ್ಲಗ್ ಬಿಚ್ಚುತ್ತಾನೆ, ಅದನ್ನು ಮತ್ತೆ ವಾಯರಿಗೆ ಸಿಕ್ಕಿಸಿ ಎಂಜಿನಿನ ಮೈಗೆ ತಾಗಿಸಿ ಹಿಡಿಯುತ್ತಾನೆ, "ಕಿಕ್ ಹೊಡೀರಿ ನೋಡಮಾ" ಎನ್ನುತ್ತಾನೆ. ಕಿಡಿ ಹಾರಿದರೆ ದೋಷ ಪೆಟ್ರೋಲಿನ ಕಡೆ, ಹಾರದಿದ್ದರೆ ಕರೆಂಟಿನ ಕಡೆ. ಅರ್ಧ ರೋಗನಿರ್ಣಯ ಅಲ್ಲಿಗೇ ಮುಗಿಯಿತು. ಈ ಲೇಖನ ಆ ಕಿಡಿಯ ಕುರಿತು, ಅದನ್ನು ಹುಟ್ಟಿಸುವ ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದರ ಕುರಿತು.

ಇಂದು ನಮ್ಮ ರಸ್ತೆಗಳಲ್ಲಿ ಓಡುವ ಬೈಕಿನ ಸೀಟು ಎತ್ತಿದರೆ ಅಂಗೈಗಿಂತ ಚಿಕ್ಕದಾದ ಕರಿ ಪೆಟ್ಟಿಗೆಯೊಂದು ಕಾಣುತ್ತದೆ. ಕಿಡಿ ಯಾವ ಕ್ಷಣದಲ್ಲಿ ಹಾರಬೇಕೆಂದು ನಿರ್ಧರಿಸುವುದು ಅದೇ. ಈ ಪೆಟ್ಟಿಗೆಯ ವಂಶವೃಕ್ಷವನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಅಮೆರಿಕದ ಒಂದು ಕಾರು ಕಂಪನಿಯ ಬೆಲೆಪಟ್ಟಿಗೆ. 1964ರಲ್ಲಿ ಶೆವರ್ಲೆ ಕಂಪನಿಯ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರು ಕೊಳ್ಳುವವನಿಗೆ ಹೆಚ್ಚುವರಿ ಸಾಮಾನುಗಳ ಒಂದು ಪಟ್ಟಿ ಕೊಡುತ್ತಿದ್ದರು. ಅದರಲ್ಲಿ ಕೆ66 ಎಂಬ ಸಂಕೇತದ ಮುಂದೆ ಟ್ರಾನ್ಸಿಸ್ಟರ್ ಇಗ್ನಿಷನ್ ಎಂದಿತ್ತು. 75 ಡಾಲರಿಗಿಂತ ಸ್ವಲ್ಪ ಹೆಚ್ಚು ಕೊಟ್ಟರೆ ಕಾರ್ಖಾನೆಯವರೇ ಅದನ್ನು ಕೂರಿಸಿ ಕಳಿಸುತ್ತಿದ್ದರು. ಬೇಡವೆಂದವರಿಗೆ ಹಳೆಯ ಪದ್ಧತಿಯದೇ ಗತಿ. ಅಂಥ ಕಾರನ್ನು ಸೇಡಂ ರಸ್ತೆಯಲ್ಲಿ ನಾನಂತೂ ಕಂಡಿಲ್ಲ. ನಮ್ಮ ತಗ್ಗುದಿನ್ನೆಗಳಲ್ಲಿ ಅದರ ಹೊಟ್ಟೆ ಉಳಿಯುವುದೂ ಇಲ್ಲ. ಆದರೆ ಆ ಪಟ್ಟಿಯ ಒಂದು ಸಾಲು ಇಪ್ಪತ್ತು ಚಿಲ್ಲರೆ ವರ್ಷಗಳ ನಂತರ ನಮ್ಮ ಗ್ಯಾರೇಜುಗಳ ಬಾಗಿಲು ತಟ್ಟಿತು.

ಯಂತ್ರಗಳ ಬಗ್ಗೆ ನಮ್ಮಲ್ಲಿ ಬರೆಯುವವರು 1206ರ ಅಲ್ ಜಝರಿಯ ಗ್ರಂಥದಿಂದ ಆರಂಭಿಸುವುದು ವಾಡಿಕೆ. ಆ ಮಹನೀಯನ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ನೀರು, ತೇಲುಬುರುಡೆ, ಹಲ್ಲುಗಾಲಿಗಳ ಆ ಲೋಕಕ್ಕೂ ವಿದ್ಯುತ್ತಿನ ಕಿಡಿಗೂ ಸಂಬಂಧವಿಲ್ಲ. ಅಲ್ಲಿಂದ ಇಲ್ಲಿಗೆ ದಾರಿ ಎಳೆದರೆ ಅದು ಅಭಿಮಾನವಾದೀತೇ ಹೊರತು ಇತಿಹಾಸವಾಗದು.

ಕಿಡಿಯ ಕಥೆ ಆರಂಭವಾಗುವುದು 1860ರಲ್ಲಿ. ಪ್ಯಾರಿಸಿನಲ್ಲಿದ್ದ ಲೆನ್ವಾರ್ ಎಂಬಾತ ಗ್ಯಾಸಿನಿಂದ ನಡೆಯುವ ಎಂಜಿನಿಗೆ ವಿದ್ಯುತ್ ಕಿಡಿ ಬಳಸಿದ. 1886ರ ಜನವರಿ 29ರಂದು ಪೇಟೆಂಟ್ ಅರ್ಜಿ ಹಾಕಿದ ಕಾರ್ಲ್ ಬೆಂಝನ ಮೂರು ಗಾಲಿಯ ಗಾಡಿಯಲ್ಲಿಯೂ ಬ್ಯಾಟರಿ ಮತ್ತು ನಡುಗುವ ಕಾಯಿಲ್ ಇದ್ದವು. ಎಲ್ಲ ಸಮಸ್ಯೆಗಳಿಗಿಂತ ದೊಡ್ಡ ಸಮಸ್ಯೆ ಈ ಕಿಡಿಯದೇ ಎಂದು ಬೆಂಝ್ ಹೇಳಿಕೊಂಡಿದ್ದಾನೆ. ಅದೇ ದೇಶದ ಡೈಮ್ಲರ್ ಕಿಡಿಯ ಗೊಡವೆಯೇ ಬೇಡವೆಂದು, ಸದಾ ಕೆಂಪಗೆ ಕಾಯ್ದಿರುವ ಒಂದು ಕೊಳವೆಯನ್ನು ಸಿಲಿಂಡರಿಗೆ ಜೋಡಿಸಿದ. ಅದೇ 1886ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ರಾಬರ್ಟ್ ಬಾಷ್ ಚಿಕ್ಕದೊಂದು ವರ್ಕ್‌ಶಾಪ್ ತೆರೆದ. ಅವನ ಬಳಿ ಕೆಲಸಕ್ಕಿದ್ದ ಹೊನೋಲ್ಡ್ ಎಂಬ ಎಂಜಿನಿಯರ್ 1902ರ ಹೊತ್ತಿಗೆ ಸ್ಪಾರ್ಕ್ ಪ್ಲಗ್ಗಿನೊಂದಿಗೆ ಕೆಲಸ ಮಾಡುವ ಹೈ ವೋಲ್ಟೇಜ್ ಮ್ಯಾಗ್ನೆಟೊ ತಯಾರಿಸಿದ. ಬ್ಯಾಟರಿ ಬೇಕಿಲ್ಲ, ಅಯಸ್ಕಾಂತ ತಿರುಗಿದರೆ ಸಾಕು, ಕಿಡಿ ತಯಾರು.

ಆಗ ನಮ್ಮ ಊರುಗಳು ನಿಜಾಮರ ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಭಾಗದಲ್ಲಿದ್ದವು. ಯಂತ್ರ ನಮಗೆ ಹೊಸದಾಗಿರಲಿಲ್ಲ. ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಗುವ ರೈಲು 1874ರಲ್ಲಿಯೇ ಆರಂಭವಾಗಿತ್ತು. ಆದರೆ ರೈಲಿಗೆ ಬೇಕಾದದ್ದು ಕಿಡಿಯಲ್ಲ, ಬೆಂಕಿ. ಪೆಟ್ರೋಲ್ ಗಾಡಿ ನವಾಬರ ಮನೆಗಳಿಗೆ ಮೊದಲು ಬಂತು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ತಮ್ಮ ಕೊನೆಯ ದಿನಗಳಲ್ಲಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರಿಗೆ ಬೇಡಿಕೆ ಸಲ್ಲಿಸಿದ್ದರು. 1911ರಲ್ಲಿ ಅವರು ತೀರಿಕೊಂಡರು, ಕಾರು ಮಗನ ಪಾಲಿಗೆ ಬಂತು. ಸಿಂಹಾಸನದಂಥ ಆಸನವುಳ್ಳ ಆ ಹಳದಿ ಕಾರು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ನೋಡಲು ಹೋದವರು ಆಸನವನ್ನೇ ನೋಡಿ ಬರುತ್ತಾರೆ. ನಿಜವಾದ ಸೊಗಸು ಬಾನೆಟ್ಟಿನ ಕೆಳಗಿದೆ. ಸಿಲ್ವರ್ ಘೋಸ್ಟ್ ಎಂಜಿನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಪ್ಲಗ್. ಒಂದು ಸಾಲಿಗೆ ಮ್ಯಾಗ್ನೆಟೊ, ಇನ್ನೊಂದು ಸಾಲಿಗೆ ಬ್ಯಾಟರಿ ಮತ್ತು ಕಾಯಿಲ್. ಒಂದು ಕೈಕೊಟ್ಟರೆ ಇನ್ನೊಂದು. ಜಗತ್ತಿನ ಅತ್ಯುತ್ತಮ ಕಾರು ಎನಿಸಿಕೊಂಡದ್ದನ್ನು ಮಾಡಿದವರಿಗೂ ಕಿಡಿಯ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲವೆಂದಾಯಿತು.

ಸಾಮಾನ್ಯರ ಪಾಲಿಗೆ ಮೋಟಾರು ಬಂದದ್ದು ಬಸ್ಸಾಗಿ. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆ 27 ಬಸ್ಸು ಮತ್ತು 166 ಸಿಬ್ಬಂದಿಯೊಂದಿಗೆ ಆರಂಭವಾಯಿತು. ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯ ಬಸ್ಸುಗಳು ಅವು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ದೇಶದ ಅನೇಕ ಕಡೆ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಎಂಜಿನ್ ನಡೆಸಿದರು. ಇದ್ದಿಲ ಗ್ಯಾಸು ನಿಧಾನವಾಗಿ ಉರಿಯುವ ಸ್ವಭಾವದ್ದು, ಹೀಗಾಗಿ ಕಿಡಿಯನ್ನು ಇನ್ನಷ್ಟು ಮೊದಲೇ ಹಾರಿಸಬೇಕು. ಅದನ್ನು ತಿರುಗಿಸಿ ಹೊಂದಿಸುತ್ತಿದ್ದ ಮಿಸ್ತ್ರಿಗಳಿಗೆ ಯಾವ ಪುಸ್ತಕವೂ ಇರಲಿಲ್ಲ, ಕಿವಿಯೇ ಪುಸ್ತಕ. ಚಿಂಚೋಳಿಗೆ ಇಂದಿಗೂ ರೈಲಿಲ್ಲ. ಆ ಭಾಗದ ಜನರಿಗೆ ಬಸ್ಸು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸ್ವಲ್ಪ ಎಂಜಿನಿನ ಒಳಗೆ ಇಳಿಯೋಣ. 1910ರ ಹೊತ್ತಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿ ಕ್ಯಾಡಿಲಾಕ್ ಕಾರಿಗೆ ಕೊಟ್ಟ ಪದ್ಧತಿಯೇ ಮುಂದೆ ಅರ್ಧ ಶತಮಾನ ಜಗತ್ತನ್ನು ಆಳಿತು. ನಮ್ಮ ಅಂಬಾಸಿಡರ್, ಫಿಯಟ್ ಕಾರುಗಳಲ್ಲಿ ಇದ್ದದ್ದೂ ಅದೇ. ಬ್ಯಾಟರಿಯ ಕರೆಂಟು ಕಾಯಿಲ್ಲಿನ ದಪ್ಪ ಸುತ್ತಿನ ಮೂಲಕ ಹರಿದು 'ಪಾಯಿಂಟ್' ಎಂಬ ಎರಡು ಚಿಕ್ಕ ಲೋಹದ ಬಿಲ್ಲೆಗಳನ್ನು ದಾಟಿ ಗಾಡಿಯ ಮೈ ಸೇರುತ್ತದೆ. ಎಂಜಿನ್ ತಿರುಗಿದಂತೆ ಒಂದು ಉಬ್ಬು ಆ ಬಿಲ್ಲೆಗಳನ್ನು ಥಟ್ಟನೆ ಅಗಲಿಸುತ್ತದೆ. ಮನೆಯ ನಲ್ಲಿಯನ್ನು ಜೋರಾಗಿ ಬಿಟ್ಟು ಒಮ್ಮೆಲೇ ಬಂದ್ ಮಾಡಿದರೆ ಪೈಪಿನಲ್ಲಿ 'ಧಡ್' ಎಂದು ಪೆಟ್ಟು ಕೇಳುತ್ತದಲ್ಲವೇ? ಹರಿಯುವುದು ಹಠಾತ್ತನೆ ನಿಂತಾಗ ಕೊಡುವ ಪೆಟ್ಟು ಅದು. ಕಾಯಿಲ್ಲಿನಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ. 12 ವೋಲ್ಟಿನ ಕರೆಂಟು ನಿಂತ ಆ ಪೆಟ್ಟಿಗೆ ಸಾವಿರಾರು ಸುತ್ತುಗಳ ಸಣ್ಣ ತಂತಿಯಲ್ಲಿ ಹದಿನೈದು ಇಪ್ಪತ್ತು ಸಾವಿರ ವೋಲ್ಟು ಏಳುತ್ತದೆ. ಪ್ಲಗ್ಗಿನ ಸಂದಿಯಲ್ಲಿ ಅದೇ ಕಿಡಿಯಾಗಿ ಹಾರುತ್ತದೆ. ಪಾಯಿಂಟ್ ಅಗಲಿದಾಗ ಅಲ್ಲಿಯೇ ಕಿಡಿ ಹಾರಿ ಲೋಹ ಸುಡಬಾರದೆಂದು ಪಕ್ಕದಲ್ಲಿ ಕಂಡೆನ್ಸರ್ ಇರುತ್ತದೆ.

ಈ ಪದ್ಧತಿಯ ಗುಣ ಒಂದೇ ಮಾತಿನಲ್ಲಿ ಹೇಳಬಹುದು: ಎಲ್ಲವೂ ಕಣ್ಣಿಗೆ ಕಾಣುತ್ತದೆ. ಲುಕಾಸ್ ಮಾದರಿಯ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಫೀಲರ್ ಗೇಜಿನ 15 ಥೌ ಪಟ್ಟಿ ತೂರಿಸಿ, ಸ್ಕ್ರೂ ಬಿಗಿದರೆ ಕೆಲಸವಾಯಿತು. ಫೀಲರ್ ಗೇಜ್ ಇಲ್ಲದವರು ಪೋಸ್ಟ್ ಕಾರ್ಡು ತೂರಿಸಿದ್ದನ್ನೂ ನಾನು ನೋಡಿದ್ದೇನೆ. ಪಾಯಿಂಟ್ ಕರಕಲಾದರೆ ಉಜ್ಜುಕಾಗದ. ಕಿಡಿಯ ಬಣ್ಣ ನೋಡಿಯೇ ರೋಗ ಹೇಳುವವರಿದ್ದರು. ನೀಲಿ ಕಿಡಿ, ಚಟ್ ಎನ್ನುವ ಸದ್ದು ಇದ್ದರೆ ಆರೋಗ್ಯ. ಕೆಂಪಗೆ ಬಡವಾಗಿ ಹಾರಿ, ಪಾಯಿಂಟಿನಲ್ಲಿ ಹೆಚ್ಚು ಬೆಳಕು ಕಂಡರೆ, "ಕಂಡೆನ್ಸರ್ ಹೋಗ್ಯಾದ, ಹೊಸದು ತರ್ರಿ."

ಅದರ ದೋಷವೂ ಅಲ್ಲಿಯೇ ಇತ್ತು. ಬಿಲ್ಲೆ ಸವೆಯುತ್ತದೆ, ಉಬ್ಬಿಗೆ ಉಜ್ಜುವ ತುಂಡು ಸವೆಯುತ್ತದೆ, ಸಂದಿ ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ, ಗಾಡಿ ಪೆಟ್ರೋಲ್ ಕುಡಿಯುತ್ತದೆ. ನಮ್ಮ ಸೀಮೆಯಲ್ಲಿ ಇದು ಇನ್ನೂ ಬೇಗ. ಶಹಾಬಾದಿನ ಕಲ್ಲಿನ ಪುಡಿ, ವಾಡಿಯ ಸಿಮೆಂಟಿನ ಧೂಳು, ಏಪ್ರಿಲ್ ಮೇ ತಿಂಗಳ ಬಿಸಿಲು, ಮಳೆಗಾಲದ ತೇವ ಎಲ್ಲವೂ ಆ ಎರಡು ಬಿಲ್ಲೆಗಳ ಶತ್ರುಗಳೇ. ಮಿಸ್ತ್ರಿಗಳ ಸಂಪಾದನೆಯ ದೊಡ್ಡ ಪಾಲು ಈ ಸವೆತದಿಂದಲೇ ಬರುತ್ತಿತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸ್ಪೋರ್ಟ್ಸ್ ಕಾರಿನವರ ತೊಂದರೆ ಬೇರೆ. ಅವರಿಗೆ ಧೂಳಿನದಲ್ಲ, ವೇಗದ ಚಿಂತೆ. ಲೆಕ್ಕ ಹಾಕಿ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಿಡಿ ಬೇಕು. ಎಂಟು ಸಿಲಿಂಡರಿನ ಕಾರ್ವೆಟ್ 6,000 ಸುತ್ತಿಗೆ ಏರಿದರೆ ಸೆಕೆಂಡಿಗೆ 400. ಅಷ್ಟು ವೇಗದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಬಿಲ್ಲೆ ಸರಿಯಾಗಿ ಮುಚ್ಚುವ ಮೊದಲೇ ಮತ್ತೆ ತೆರೆಯುತ್ತದೆ. ಕಾಯಿಲ್ ತುಂಬಲು ಸಮಯ ಸಾಲದೆ ಕಿಡಿ ಬಡವಾಗುತ್ತದೆ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಇಲ್ಲಿ ಕೆಲಸಕ್ಕೆ ಬಂತು. ಚಲಿಸುವ ಭಾಗವಿಲ್ಲದೆ ಕರೆಂಟನ್ನು ಹರಿಸುವ, ತಡೆಯುವ ಬಾಗಿಲು ಅದು. 1963ರಲ್ಲಿ ಪಾಂಟಿಯಾಕ್ ಕಾರುಗಳಿಗೆ, ಮರುವರ್ಷ ಕಾರ್ವೆಟ್ಟಿಗೆ ಕಾರ್ಖಾನೆಯ ಆಯ್ಕೆಯಾಗಿ ಇದು ದೊರೆಯಿತು.

ಕೆ66 ಎಂದರೆ ಒಂದು ಪೆಟ್ಟಿಗೆ ತಂದು ಸಿಕ್ಕಿಸುವುದಷ್ಟೇ ಆಗಿರಲಿಲ್ಲ. ಡಿಸ್ಟ್ರಿಬ್ಯೂಟರ್ ಬೇರೆಯದು, ಒಳಗೆ ಪಾಯಿಂಟಿನ ಬದಲು ಅಯಸ್ಕಾಂತ ಮತ್ತು ಸೂಕ್ಷ್ಮ ಸುತ್ತು. ತಿರುಗುವ ಕಬ್ಬಿಣದ ಹಲ್ಲು ಹತ್ತಿರ ಬಂದಾಗಲೆಲ್ಲ ಅದರಲ್ಲಿ ಚಿಕ್ಕದೊಂದು ಮಿಡಿತ ಏಳುತ್ತದೆ. ಆ ಮಿಡಿತವನ್ನು ದೊಡ್ಡದು ಮಾಡಿ ಕಾಯಿಲ್ಲಿನ ಕರೆಂಟನ್ನು ಕತ್ತರಿಸುವುದು ಆಂಪ್ಲಿಫೈಯರ್ ಪೆಟ್ಟಿಗೆಯ ಕೆಲಸ. ಕಾಯಿಲ್ ಕೂಡ ಅದಕ್ಕೆಂದೇ ಮಾಡಿದ್ದು. ಸಾಮಾನ್ಯ ಕಾಯಿಲ್ ಅಲ್ಲಿ ನಡೆಯದು. ಇವನ್ನೆಲ್ಲ ಜೋಡಿಸಲು ವಾಯರಿಂಗ್ ಹಾರ್ನೆಸ್ಸೂ ಪ್ರತ್ಯೇಕ. ಇನ್ನೊಂದು ಸ್ವಾರಸ್ಯವೆಂದರೆ ಕಾರ್ವೆಟ್ಟಿನ ಮೈ ಫೈಬರಿನದು. ತಗಡಿನ ಗಾಡಿಯಲ್ಲಿ ಅರ್ಥ್ ಬೇಕೆಂದರೆ ಯಾವ ನಟ್ಟಿಗೆ ಸುತ್ತಿದರೂ ಸಿಗುತ್ತದೆ, ಫೈಬರಿನಲ್ಲಿ ಸಿಗುವುದಿಲ್ಲ. ಹೀಗಾಗಿ ಪೆಟ್ಟಿಗೆಯಿಂದ ಚಾಸಿಗೆ ಬೇರೆ ಅರ್ಥ್ ತಂತಿ ಎಳೆಯಲೇಬೇಕು. ರೇಡಿಯೋದಲ್ಲಿ ಗರಗರ ಬಾರದಂತೆ ಡಿಸ್ಟ್ರಿಬ್ಯೂಟರಿನ ಮೇಲೆ ಲೋಹದ ಮರೆಯನ್ನೂ ಕಟ್ಟಿದ್ದರು. ಬೆಂಗಳೂರಿನ ಸಿಪಾನಿಯವರು 1980ರ ದಶಕದಲ್ಲಿ ಮಾಡಿದ, ರ‍್ಯಾಲಿಗಳಲ್ಲಿ ಹೆಸರು ಗಳಿಸಿದ ಡಾಲ್ಫಿನ್ ಕಾರಿನ ಮೈಯೂ ಫೈಬರಿನದೇ. ಅಂಥ ಗಾಡಿ ಕಂಡ ನಮ್ಮ ಎಲೆಕ್ಟ್ರಿಷಿಯನ್ ಮೊದಲು ಹುಡುಕುವುದು ಅರ್ಥ್ ತಂತಿಯನ್ನೇ.

ಇಂದು ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಜೋಪಾನ ಮಾಡುವವರು ಅಂದಿನ ಕಾರ್ಖಾನೆಯ ಆಯ್ಕೆಯನ್ನೇ ಹುಡುಕಿ ತಂದು ಮರಳಿ ಕೂರಿಸುತ್ತಾರೆ. ಆ ಕೆಲಸ ಹೇಗೆಂದು ತಿಳಿದರೆ ನಿಮ್ಮ ಊರಿನ ಹಳೆಯ ಫಿಯಟ್ಟಿಗೂ ಉಪಯೋಗವಾದೀತು. ಮೊದಲು ಬ್ಯಾಟರಿಯ ತುದಿ ಬಿಚ್ಚಿ. ಆಮೇಲೆ ನೋಡಬೇಕಾದದ್ದು ಗಾಡಿಯ ಮೈಗೆ ಕೊಟ್ಟಿರುವುದು ಬ್ಯಾಟರಿಯ ಪ್ಲಸ್ಸೋ ಮೈನಸ್ಸೋ ಎಂದು. ಬ್ರಿಟಿಷ್ ಕಾರುಗಳಲ್ಲಿ 1960ರ ದಶಕದ ನಡುವಿನವರೆಗೂ ಪ್ಲಸ್ ತುದಿಯನ್ನು ಅರ್ಥ್ ಮಾಡುವ ರೂಢಿಯಿತ್ತು. ಪಾಯಿಂಟಿಗೆ ಅದರಿಂದ ಏನೂ ಆಗದು, ಆದರೆ ಟ್ರಾನ್ಸಿಸ್ಟರಿಗೆ ತಿರುವುಮುರುವು ಕೊಟ್ಟರೆ ಒಂದು ಕ್ಷಣದಲ್ಲಿ ಸುಟ್ಟು ಹೋಗುತ್ತದೆ. ನಂತರ ಒಂದನೇ ಸಿಲಿಂಡರನ್ನು ಮೇಲಿನ ತುದಿಗೆ ತಂದು, ರೋಟರ್ ಯಾವ ಕಡೆ ಮುಖ ಮಾಡಿದೆ ಎಂದು ಗುರುತು ಹಾಕಿಕೊಂಡೇ ಡಿಸ್ಟ್ರಿಬ್ಯೂಟರ್ ಬಿಚ್ಚಬೇಕು. ಗುರುತು ಹಾಕದೆ ಬಿಚ್ಚಿ, ಸಂಜೆವರೆಗೆ ಗಾಡಿ ತಳ್ಳಿದವರ ಪಟ್ಟಿ ಉದ್ದವಿದೆ. ನನ್ನ ಹೆಸರೂ ಅದರಲ್ಲಿದೆ.

ವಾಯರಿಂಗಿನಲ್ಲಿ ಎಡವುವ ಜಾಗ ಬ್ಯಾಲಸ್ಟ್ ರೆಸಿಸ್ಟರ್. ಅನೇಕ ಗಾಡಿಗಳಲ್ಲಿ ಕೀಯಿಂದ ಕಾಯಿಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಪ್ರತಿರೋಧಕ ಇರುತ್ತದೆ. ಸ್ಟಾರ್ಟ್ ಮಾಡುವಾಗ ಪೂರ್ತಿ 12 ವೋಲ್ಟು, ಓಡುವಾಗ ಅದರ ಮೂಲಕ ಕಡಿಮೆ ಎಂಬುದು ಅದರ ಏರ್ಪಾಡು. ಅದು ಬಿಳಿ ಪಿಂಗಾಣಿಯ ತುಂಡಾಗಿದ್ದರೆ ಕಣ್ಣಿಗೆ ಬೀಳುತ್ತದೆ. ಕೆಲವು ಕಾರುಗಳಲ್ಲಿ ವಾಯರೇ ಪ್ರತಿರೋಧಕ, ಹೊರಗಿನಿಂದ ತಿಳಿಯುವುದೇ ಇಲ್ಲ. ಪೂರ್ತಿ ವೋಲ್ಟು ಬೇಡುವ ಪೆಟ್ಟಿಗೆಗೆ ಈ ದಾರಿಯಿಂದ ಕರೆಂಟು ಕೊಟ್ಟರೆ ಗಾಡಿ ಸ್ಟಾರ್ಟ್ ಆಗುತ್ತದೆ, ಕೀ ಬಿಟ್ಟೊಡನೆ ಕೆಮ್ಮತೊಡಗುತ್ತದೆ. ಪ್ರತಿರೋಧಕ ಇರಲೇಬೇಕಾದ ಕಡೆ ತೆಗೆದು ಹಾಕಿದರೆ ಕಾಯಿಲ್ ಕಾಯ್ದು ಸಾಯುತ್ತದೆ. ಯಾವುದು ಎಲ್ಲಿ ಬೇಕೆಂಬುದನ್ನು ಊಹಿಸಲಾಗದು, ನಕ್ಷೆಯಲ್ಲಿಯೇ ನೋಡಬೇಕು. ಬ್ರಿಟಿಷ್ ಗಾಡಿಗಳ ನಕ್ಷೆಯಲ್ಲಿ ಕಂದು ಎಂದರೆ ಬ್ಯಾಟರಿಯಿಂದ ನೇರ, ಬಿಳಿ ಎಂದರೆ ಕೀಯಿಂದ ಬಂದದ್ದು, ಕರಿ ಎಂದರೆ ಅರ್ಥ್. ಕೆಲವು ಬ್ರಿಟಿಷ್ ಕಾರುಗಳ ಸುತ್ತುಮಾಪಕವು ಕಾಯಿಲ್ಲಿಗೆ ಹೋಗುವ ತಂತಿಯಿಂದಲೇ ಲೆಕ್ಕ ತೆಗೆದುಕೊಳ್ಳುತ್ತಿತ್ತು. ಪೆಟ್ಟಿಗೆ ಬಂದ ಮೇಲೆ ಅದರ ಮುಳ್ಳು ಮಲಗಿ ಬಿಡುವುದುಂಟು. ಕಾರ್ವೆಟ್ಟಿನವರಿಗೆ ಆ ತೊಂದರೆ ಇರಲಿಲ್ಲ, ಅದರ ಮಾಪಕಕ್ಕೆ ಆಗ ಡಿಸ್ಟ್ರಿಬ್ಯೂಟರಿನಿಂದ ಕೇಬಲ್ ಇತ್ತು.

ಆಯ್ಕೆಯಾಗಿದ್ದದ್ದು ಕಡ್ಡಾಯವಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಇಟಲಿಯ ಫಿಯಟ್ ಡೀನೊ ಕಾರಿಗೆ 1960ರ ದಶಕದ ಕೊನೆಯಲ್ಲಿ ಡೀನೊಪ್ಲೆಕ್ಸ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂತು. 1971ರಲ್ಲಿ ಜಾಗ್ವಾರಿನ ಹನ್ನೆರಡು ಸಿಲಿಂಡರಿನ ಇ ಟೈಪ್ ಕಾರಿಗೆ ಲುಕಾಸ್ ಕಂಪನಿಯ ಓಪಸ್ ಬಂತು. ಆದರೆ ಇದನ್ನು ಸಾಮಾನ್ಯರ ಕಾರಿಗೆ ತಂದದ್ದು ವೇಗವಲ್ಲ, ಹೊಗೆ. ಅಮೆರಿಕ ಹೊಗೆಯ ಮೇಲೆ ಕಾನೂನು ಬಿಗಿ ಮಾಡಿತು. ಕಿಡಿ ತಪ್ಪಿದರೆ ಉರಿಯದ ಪೆಟ್ರೋಲು ಹೊರಗೆ ಹೋಗುತ್ತದೆ, ಹೊಗೆ ಶುದ್ಧ ಮಾಡುವ ಸಾಧನವೂ ಹಾಳಾಗುತ್ತದೆ. ಸವೆಯುವ ಪಾಯಿಂಟನ್ನು ನಂಬಿ ಕೂರುವಂತಿರಲಿಲ್ಲ. 1973ರಲ್ಲಿ ಕ್ರೈಸ್ಲರ್, 1975ರಲ್ಲಿ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ತಮ್ಮ ಕಾರುಗಳಿಂದ ಪಾಯಿಂಟನ್ನು ತೆಗೆದವು.

ಕರ್ನಾಟಕದ ಮಾತಿಗೆ ಬರೋಣ. ಬಾಷ್ ಕಂಪನಿಯ ಸಾಮಾನು 1922ರಿಂದ ಭಾರತದಲ್ಲಿ ಮಾರಾಟವಾಗುತ್ತಿತ್ತು. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮಗೆಲ್ಲ ಗೊತ್ತಿರುವ ಮೈಕೋ, ಸ್ಥಾಪನೆಯಾಯಿತು. 2008ರಲ್ಲಿ ಅದು ಬಾಷ್ ಎಂದೇ ಹೆಸರು ಬದಲಿಸಿಕೊಂಡರೂ ನಮ್ಮ ಅಂಗಡಿಗಳಲ್ಲಿ ಬಹಳ ಕಾಲ "ಮೈಕೋ ಪ್ಲಗ್ ಕೊಡ್ರಿ" ಎಂದೇ ಕೇಳುತ್ತಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಬೈಕುಗಳನ್ನೂ 1973ರಿಂದ ಯೆಜ್ದಿ ಹೆಸರಿನವನ್ನೂ ಮಾಡಿ 1996ರಲ್ಲಿ ಮುಚ್ಚಿತು. ಜಾವಾದ ಬಲಬದಿಯ ಮುಚ್ಚಳ ತೆಗೆದರೆ ಡೈನಮೋದ ಮೇಲೆಯೇ ಪಾಯಿಂಟ್ ಕೂತಿರುತ್ತಿತ್ತು. ನಮ್ಮ ಕಡೆ ಒಂದು ತಲೆಮಾರಿನ ಹುಡುಗರು ಕಿಡಿ ಎಂದರೇನೆಂದು ಕಲಿತದ್ದು ಆ ಮುಚ್ಚಳದ ಹಿಂದೆ. ಕಲ್ಲು, ಸಿಮೆಂಟು ಹೊರುವ ಲಾರಿಗಳ ಮಾತು ಬೇರೆ. ಅವು ಡೀಸೆಲ್, ಡೀಸೆಲ್ ಎಂಜಿನಿನಲ್ಲಿ ಒತ್ತಡದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ, ಕಿಡಿಯ ಹಂಗಿಲ್ಲ. ಅದರಿಂದಲೇ ಲಾರಿ ಮಿಸ್ತ್ರಿಗಳೂ ಪೆಟ್ರೋಲ್ ಗಾಡಿ ಮಿಸ್ತ್ರಿಗಳೂ ನಮ್ಮ ಊರುಗಳಲ್ಲಿ ಎರಡು ಬೇರೆ ಪಂಗಡಗಳಂತಿದ್ದರು.

1985ರ ಸುಮಾರಿಗೆ ಜಪಾನಿ ಕಂಪನಿಗಳ ಸಹಯೋಗದ 100 ಸಿಸಿ ಬೈಕುಗಳು ಬಂದವು. ಅವುಗಳಲ್ಲಿ ಅನೇಕದರಲ್ಲಿ ಪಾಯಿಂಟ್ ಇರಲಿಲ್ಲ, ಸಿಡಿಐ ಪೆಟ್ಟಿಗೆ ಇತ್ತು. ಕಾರ್ವೆಟ್ಟಿನ ಪೆಟ್ಟಿಗೆ ಕಾಯಿಲ್ಲಿನ ಕರೆಂಟು ಕತ್ತರಿಸುತ್ತಿತ್ತು. ಸಿಡಿಐ ಮಾಡುವುದು ಬೇರೆ. ಅದು ಮುನ್ನೂರರ ಆಸುಪಾಸಿನ ವೋಲ್ಟನ್ನು ಒಂದು ಕಪ್ಯಾಸಿಟರಿನಲ್ಲಿ ತುಂಬಿಟ್ಟು, ಸರಿಯಾದ ಗಳಿಗೆಗೆ ಒಮ್ಮೆಲೇ ಕಾಯಿಲ್ಲಿಗೆ ಸುರಿಯುತ್ತದೆ. ಪಾಯಿಂಟ್ ಬದಲಿಸುವ ಗೋಜಿಲ್ಲ, ಸಂದಿ ನೋಡುವ ಗೋಜಿಲ್ಲ. ಗಿರಾಕಿಗೆ ಸುಖ.

ಗ್ಯಾರೇಜಿಗೆ ಏನಾಯಿತೆಂದು ನಾನು ಕಣ್ಣಾರೆ ಕಂಡೆ. ಶಹಾಬಾದಿನಲ್ಲಿ ನಾನು ಪಿಯುಸಿ ವಿಜ್ಞಾನ ಓದುವಾಗ ಸಂಜೆ ಕೂರುತ್ತಿದ್ದದ್ದು ನಮ್ಮ ಓಣಿಯ ಉಸ್ತಾದರೊಬ್ಬರ ಗ್ಯಾರೇಜಿನಲ್ಲಿ. ಅವರು ಶಾಲೆ ಬಿಟ್ಟದ್ದು ಮೂರನೇ ಇಯತ್ತೆಗೆ. ಆದರೆ ಎಂಜಿನಿನ ಸದ್ದು ಕೇಳಿ ಪಾಯಿಂಟಿನ ಸಂದಿ ಎಷ್ಟಿದೆ ಎಂದು ಹೇಳುತ್ತಿದ್ದರು. ಒಂದು ಬೇಸಿಗೆ ವಾಡಿಯ ಕಾಲೋನಿಯಿಂದ ಹೊಸ ಬೈಕು ಬಂತು. ಗಾಡಿ ನಿಂತು ನಿಂತು ಓಡುತ್ತದೆಂಬ ದೂರು. ಶಾಗಿರ್ದ ಹುಡುಗ ಹಳೆಯ ರೂಢಿಯಂತೆ ಪ್ಲಗ್ಗಿನ ವಾಯರ್ ಕಿತ್ತು, ಎಂಜಿನಿನಿಂದ ಅರ್ಧ ಇಂಚು ದೂರ ಹಿಡಿದು ಕಿಕ್ ಹೊಡೆದ. ಪಾಯಿಂಟಿನ ಗಾಡಿಯಲ್ಲಿ ಹಾಗೆ ಮಾಡಿ ಕಿಡಿಯ ಬಲ ನೋಡುತ್ತಿದ್ದರು. ಎಲೆಕ್ಟ್ರಾನಿಕ್ ಪೆಟ್ಟಿಗೆಯಲ್ಲಿ ಹೊರಹೋಗಲು ದಾರಿ ಸಿಗದ ವೋಲ್ಟು ಹಿಂದಿರುಗಿ ಪೆಟ್ಟಿಗೆಯನ್ನೇ ಕೊಲ್ಲಬಹುದು. ಎರಡು ಬಾರಿ ಕಿಡಿ ಹಾರಿತು. ಮೂರನೆಯ ಬಾರಿ ಹಾರಲಿಲ್ಲ. ಹೊಸ ಪೆಟ್ಟಿಗೆಯ ಬೆಲೆ ಆ ಹುಡುಗನ ತಿಂಗಳ ಕೂಲಿಗಿಂತ ಹೆಚ್ಚು. ಉಸ್ತಾದರು ಹುಡುಗನಿಗೆ ಒಂದು ಮಾತೂ ಅನ್ನಲಿಲ್ಲ, ಹಣ ತಾವೇ ಕಟ್ಟಿದರು.

ಸತ್ತ ಪೆಟ್ಟಿಗೆಯನ್ನು ಅವರು ಅಂದು ರಾತ್ರಿ ಸುತ್ತಿಗೆಯಿಂದ ಒಡೆದರು. ಒಳಗೇನಿದೆ ಎಂದು ನೋಡಬೇಕಿತ್ತು. ಒಳಗೆ ಕಲ್ಲಿನಂತೆ ಗಟ್ಟಿಯಾದ ಕರಿ ರಾಳ. ಅದನ್ನೂ ಕೆತ್ತಿದರೆ ಅದರೊಂದಿಗೇ ಒಳಗಿನ ಬಿಡಿಭಾಗಗಳು ಪುಡಿಯಾಗಿ ಬಂದವು. "ಇದರಾಗ ಹೊಕ್ಕು ನೋಡಾಕ ಬಾಗಿಲೇ ಇಟ್ಟಿಲ್ಲಲ್ಲೋ," ಎಂದು ಬಹಳ ಹೊತ್ತು ಅದನ್ನೇ ಕೈಯಲ್ಲಿ ಹಿಡಿದು ಕೂತಿದ್ದರು. ಅಂಥ ರಾಳವನ್ನು ಸುರಿಯುವುದು ತೇವ, ಧೂಳು, ಅದುರುವಿಕೆಯಿಂದ ರಕ್ಷಣೆಗೆ ಎಂದು ನಾನು ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ. ಅದು ನಿಜವೇ. ಆದರೆ ಮೂವತ್ತು ವರ್ಷ ಕಲಿತದ್ದು ಒಂದು ಅಂಗೈ ಅಗಲದ ರಾಳದ ಹೊರಗೆ ಉಳಿದು ಬಿಟ್ಟ ಮನುಷ್ಯನಿಗೆ ಅದು ಉತ್ತರವಾಗಿರಲಿಲ್ಲ.

ಮರುವಾರ ಅವರು ನನ್ನನ್ನು ಕರೆದು ಬೈಕಿನ ಪುಸ್ತಕ ಮುಂದಿಟ್ಟರು. ಕೊನೆಯ ಪುಟದಲ್ಲಿ ವಾಯರಿಂಗ್ ನಕ್ಷೆ, ಪೂರ್ತಿ ಇಂಗ್ಲಿಷಿನಲ್ಲಿ, ಬಣ್ಣಗಳ ಹೆಸರೂ ಒಂದೊಂದು ಅಕ್ಷರದಲ್ಲಿ. ಪೆಟ್ಟಿಗೆಯ ಒಳಗೆ ಹೋಗಲಾಗದಿದ್ದರೂ ಅದರೊಳಕ್ಕೆ ಬರುವ, ಹೊರಕ್ಕೆ ಹೋಗುವ ತಂತಿಗಳು ಐದೇ ಎಂದು ಅಲ್ಲಿ ತಿಳಿಯಿತು: ಕರೆಂಟು ತರುವ ಸುತ್ತಿನದು, ಮಿಡಿತ ತರುವ ಸುತ್ತಿನದು, ಎಂಜಿನ್ ನಿಲ್ಲಿಸುವ ಸ್ವಿಚ್ಚಿನದು, ಅರ್ಥ್, ಕಾಯಿಲ್ಲಿಗೆ ಹೋಗುವುದು. ಒಂದೊಂದನ್ನೂ ಮೀಟರಿನಿಂದ ಅಳೆದರೆ ದೋಷ ಪೆಟ್ಟಿಗೆಯದೋ ಹೊರಗಿನದೋ ಎಂದು ಗೊತ್ತಾಗುತ್ತದೆ. ನಾನು ಓದಿ ಹೇಳುತ್ತ ಹೋದೆ, ಅವರು ಅಂಗಳದ ಶಹಾಬಾದಿ ಚಪ್ಪಡಿಯ ಮೇಲೆ ಸೀಮೆಸುಣ್ಣದಿಂದ ಬರೆದುಕೊಳ್ಳುತ್ತ ಹೋದರು. ಲಾಲ್, ಕಾಲಾ, ಸಫೇದ್, ಹರಾ, ನೀಲಾ ಎಂದು ಬಾಯಲ್ಲಿ ಹೇಳುತ್ತ, ಅಕ್ಷರದ ಬದಲು ಪ್ರತಿ ಗೆರೆಯ ತುದಿಗೆ ಆ ಬಣ್ಣದ ವಾಯರಿನ ಚೂರನ್ನೇ ಇಟ್ಟರು.

ಅಲ್ಲಿಂದ ಮುಂದೆ ಅದು ನಮ್ಮ ರೂಢಿಯಾಯಿತು. ಹೊಸ ಮಾದರಿಯ ಬೈಕು ಬಂದರೆ ನನ್ನ ಪುಸ್ತಕದ ಓದು, ಅವರ ಚಪ್ಪಡಿಯ ನಕ್ಷೆ. ಅಕ್ಷರ ಬಾರದ್ದರಿಂದ ಅವರ ಬುದ್ಧಿಗೆ ಕೊರತೆಯೇನೂ ಆಗಲಿಲ್ಲ. ಆದರೆ ಪ್ರತಿ ನಕ್ಷೆಗೂ ಇನ್ನೊಬ್ಬರಿಗಾಗಿ ಕಾಯಬೇಕಾಯಿತು. ಕಾಯುವಾಗ ಗಿರಾಕಿ ಕಲಬುರಗಿಯ ದೊಡ್ಡ ವರ್ಕ್‌ಶಾಪಿಗೆ ಹೋಗುತ್ತಿದ್ದ. ಪೆಟ್ಟಿಗೆ ಕೊಂದ ಶಾಗಿರ್ದನನ್ನು ಐಟಿಐಯ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ತರಬೇತಿಗೆ ಸೇರಿಸಲು ಉಸ್ತಾದರು ಓಡಾಡಿದರು. ಅದಕ್ಕೆ ಎಸ್ಸೆಸ್ಸೆಲ್ಸಿ ಬೇಕಿತ್ತು, ಹುಡುಗ ಏಳಕ್ಕೆ ಬಿಟ್ಟಿದ್ದ. ಅವನ ತಮ್ಮ ಓದಿದ, ಸೇರಿದ.

2000ದ ದಶಕದ ಆರಂಭದಲ್ಲಿ ಬುಲೆಟ್ಟಿನಲ್ಲಿಯೂ ಎಲೆಕ್ಟ್ರಾ ಹೆಸರಿನ ಮಾದರಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಜಾರಿಯಾದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಿಡಿಯ ಜೊತೆ ಪೆಟ್ರೋಲಿನ ಲೆಕ್ಕವೂ ಒಂದೇ ಕಂಪ್ಯೂಟರ್ ಪೆಟ್ಟಿಗೆಯ ಪಾಲಾಗಿದೆ. ದೋಷ ಹುಡುಕಲು ಸ್ಕ್ಯಾನರ್ ಬೇಕು. ಉಸ್ತಾದರು ಈಗಿಲ್ಲ. ಗ್ಯಾರೇಜನ್ನು ಆ ತಮ್ಮ ನಡೆಸುತ್ತಿದ್ದಾನೆ. ಹಳೆಯ ಕಾರು ತಂದು ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಹಾಕಿಕೊಡು ಎನ್ನುವವರು ವರ್ಷಕ್ಕೆ ಒಬ್ಬಿಬ್ಬರು ಬರುತ್ತಾರೆ. ಹಾಕಿಕೊಡುತ್ತಾನೆ. ಆದರೆ ಬಿಚ್ಚಿದ ಪಾಯಿಂಟ್ ಪ್ಲೇಟು, ಕಂಡೆನ್ಸರುಗಳನ್ನು ಗುಜರಿಗೆ ಹಾಕುವುದಿಲ್ಲ. ಚಹಾ ಪುಡಿಯ ಡಬ್ಬಿಯಲ್ಲಿ ಹಾಕಿ, ಒಂದು ಸ್ಕ್ರೂಡ್ರೈವರ್ ಮತ್ತು ಫೀಲರ್ ಗೇಜಿನ ಜೊತೆ ಡಿಕ್ಕಿಯಲ್ಲಿಟ್ಟು, ಚಿಂಚೋಳಿಯ ಕಾಡಿನ ರಸ್ತೆಯಲ್ಲಿ ಪೆಟ್ಟಿಗೆ ಸತ್ತರೆ ಹೇಗೆ ಮರಳಿ ಕೂರಿಸಬೇಕೆಂದು ಮಾಲೀಕನಿಂದಲೇ ಒಮ್ಮೆ ಮಾಡಿಸಿ ನೋಡಿ ಕಳಿಸುತ್ತಾನೆ. ಸೀಮೆಸುಣ್ಣದ ಗೆರೆಗಳು ಮಳೆಗೆ ಹೋಗುತ್ತವೆಂದು ಉಸ್ತಾದರು ಕೊನೆಗೆ ಎಣ್ಣೆ ಬಣ್ಣದಿಂದ ಬರೆಸಿದ ಚಪ್ಪಡಿ ಗೋಡೆಗೆ ಒರಗಿಕೊಂಡೇ ಇದೆ. ವಾಯರಿನ ಚೂರುಗಳು ಬಿಸಿಲಿಗೆ ಮಾಸಿವೆ. ಹಸಿರು ಯಾವುದು ನೀಲಿ ಯಾವುದು ಎಂದು ಈಗ ಸ್ವಲ್ಪ ಹತ್ತಿರ ಹೋಗಿ ನೋಡಬೇಕು.